ಕೊನೆ ಮೊದಲು

“ಇವತ್ತಾದ್ರೂ ಸಿಕ್ಕಿಬೀಳ್ತಾಳೇನೇ ಆ ಹಾಳಾದವಳು?”

ನಾದಿನಿ ಹೊಸ್ತಿಲು ದಾಟುವ ಮೊದಲೇ ಹೊಲಿಗೆ ಯಂತ್ರದ ಹಿಂದಿನಿಂದ ಅತ್ತಿಗೆಯ ಪ್ರಶ್ನೆ ಬಂತು.

“ಸಿಕ್ಕಿಬೀಳ್ತಾಳೆ ಅತ್ತಿಗೆ, ಎಲ್ಲರ ಎದುರಿಗೇ,” ಎಂದಳು ನಾದಿನಿ ಚಪ್ಪಲಿ ಬಿಡುತ್ತಾ. ಅದೇ ಉಸಿರಿನಲ್ಲಿ, “ಆಸ್ಪತ್ರೆಗೂ ಹೋಗಿಬಂದೆ. ಹೆದರೋ ಅಂಥದ್ದೇನೂ ಇಲ್ಲವಂತೆ. ಮಾತ್ರೆ ಕೊಟ್ಟಿದ್ದಾರೆ,” ಎಂದೂ ಸೇರಿಸಿಬಿಟ್ಟಳು. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅತ್ತಿಗೆಯ ರಿಪೋರ್ಟು ನೋಡಿ ಡಾಕ್ಟರು ಹೇಳಿದ್ದೇ ಬೇರೆ. “ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ. ನೋವಾಗದ ಹಾಗೆ ನೋಡಿಕೊಳ್ಳಿ, ಅಷ್ಟೇ.”

ಅತ್ತಿಗೆಗೆ ಕೊನೆ ಗೊತ್ತಿಲ್ಲದ ಕಥೆ ಆಗದು. ಹಿಂದೊಮ್ಮೆ ಯಾವುದೋ ಸಿನಿಮಾದಲ್ಲಿ, ಸುಮ್ಮನೆ ಹಾಡುತ್ತಾ ಹೋಗುತ್ತಿದ್ದ ನಾಯಕನಿಗೆ ಗುಂಡು ಬಿದ್ದು, ಇವಳು ಬೆಚ್ಚಿಬಿದ್ದು, ಸೂಜಿ ನೇರವಾಗಿ ಬೆರಳಿಗಿಳಿದಿತ್ತು. “ಸತ್ತವನು ಅವನು, ರಕ್ತ ಸುರಿಸಿದವಳು ನಾನು,” ಎಂದು ಇವತ್ತಿಗೂ ನಗುತ್ತಾಳೆ. ಅಲ್ಲಿಂದ ಮುಂದೆ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಸಂಜೆ ಟಿವಿಯಲ್ಲಿ ಬರುವ ಧಾರಾವಾಹಿಯ ಕಂತು ಬೆಳಿಗ್ಗೆಯೇ ಮೊಬೈಲಿನಲ್ಲಿ ಸಿಗುತ್ತದಲ್ಲ, ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬರುವ ನಾದಿನಿ ಅದನ್ನು ಬಸ್ಸಿನಲ್ಲೇ ನೋಡಿಕೊಂಡು ಬಂದು ಕೊನೆಯನ್ನು ಮೊದಲೇ ಹೇಳಬೇಕು. ಆಮೇಲೆ ಅತ್ತಿಗೆ ಹಾಯಾಗಿ ಹೊಲಿಯುತ್ತಾ, ಹಾಯಾಗಿ ಬಯ್ಯುತ್ತಾ ನೋಡುತ್ತಾಳೆ. ಆಸ್ಪತ್ರೆಗೂ ಹಾಗೆಯೇ ಕಳಿಸಿದ್ದಳು: “ನಾನು ಬರಲ್ಲ. ನೀನೇ ಕೇಳ್ಕೊಂಡು ಬಂದು ಹೇಳು.”

ಧಾರಾವಾಹಿ ಶುರುವಾಯಿತು. ಒಳಕೋಣೆಯಲ್ಲಿ ಅತ್ತಿಗೆಯ ಮಗಳು ಗಟ್ಟಿಯಾಗಿ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಅಣ್ಣ ತೀರಿಕೊಂಡ ಮೇಲೆ ಈ ಮನೆಯಲ್ಲಿ ಇರುವುದು ಇವರು ಮೂವರೇ. ಬರುವ ತಿಂಗಳು ನಾದಿನಿಯ ಮದುವೆ. ಬೇರೆ ಊರಿನಲ್ಲಿ ಅವಳಿಗಾಗಿ ಕಾದಿದ್ದ ಮನೆಯ ಪರದೆಗಳೇ ಈಗ ಯಂತ್ರದ ಮೇಲಿದ್ದವು. ಹಿಂದಿನ ಸಣ್ಣ ಕೋಣೆಯೊಂದನ್ನು ಬಿಟ್ಟು ಉಳಿದ ಕಿಟಕಿಗಳ ಅಳತೆಯನ್ನೆಲ್ಲ ಅವಳು ತಂದುಕೊಟ್ಟಿದ್ದಳು. ಆ ಕೋಣೆ ಹೇಗೂ ಸಾಮಾನು ತುಂಬುವುದಕ್ಕೆ.

“ಅಲ್ಲ ಕಣೇ, ಇಷ್ಟು ದೊಡ್ಡ ಬಂಗಲೆ, ಪರದೆ ಅಂಚು ನೋಡು, ಸೊಟ್ಟಗೆ ಹೊಲಿದಿದ್ದಾರೆ,” ಎಂದಳು ಅತ್ತಿಗೆ. “ಆ ಮಹಾತಾಯಿಗೆ ಬೇರೆ ಕೆಲಸ ಇಲ್ವಾ? ಮೂರು ಹೊತ್ತೂ ಅದರ ಹಿಂದೆ ನಿಂತ್ಕೊಂಡು ಕದ್ದು ಕೇಳೋದೇ! ಇರಲಿ, ಇವತ್ತಿಗೆ ಅವಳ ಆಟ ಮುಗೀತಲ್ಲ.”

ಆಟ ಮುಗಿಯಲಿಲ್ಲ. ಪರದೆಯ ಹಿಂದಿದ್ದವಳು ಮೆಲ್ಲಗೆ ಬಂದು ನಾಯಕಿಯನ್ನು ಮಹಡಿಯ ಮೆಟ್ಟಿಲಿನಿಂದ ತಳ್ಳಿ, ಓಡಿಬಂದವರೆಲ್ಲರಿಗಿಂತ ಜೋರಾಗಿ ತಾನೇ ಅತ್ತಳು. ಯಾರಿಗೂ ಅನುಮಾನ ಬರಲಿಲ್ಲ. ಕಂತು ಅಲ್ಲಿಗೇ ನಿಂತಿತು.

ಚಹಾ ಹಿಡಿದು ಬಂದ ನಾದಿನಿ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತಿಗೆ ಬೆಚ್ಚಲಿಲ್ಲ. ಸೂಜಿ ಬಟ್ಟೆಯ ಅಂಚಿನವರೆಗೂ ನೆಟ್ಟಗೆ ಓಡಿತು. ಅವಳು ದಾರ ಕತ್ತರಿಸಿ, ಟಿವಿಯ ಸದ್ದು ತಗ್ಗಿಸಿದಳು.

“ಬಸ್ಸಲ್ಲಿ ನೋಡ್ಲಿಲ್ಲ ಅಲ್ವಾ ಇವತ್ತು?”

“ಅದು… ನಿದ್ದೆ ಹತ್ತಿಬಿಡ್ತು ಅತ್ತಿಗೆ.”

“ಜ್ವರದಲ್ಲಿ ಒದ್ದಾಡ್ತಿದ್ದಾಗಲೂ ನೋಡ್ಕೊಂಡು ಬಂದವಳು ನೀನು.” ಅತ್ತಿಗೆ ಚಹಾದ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟಳು. “ಸರಿ ಬಿಡು. ಇದು ಮುಗಿಯೋಕೆ ಇನ್ನೂ ಎಷ್ಟು ದಿನ ಬೇಕು?”

“ಇನ್ನೊಂದು ವರ್ಷ ಎಳೀತಾರೆ ಅಂತಾರೆ.”

“ಅಷ್ಟೊಂದಾ? ಹಾಗಾದ್ರೆ ಪೂರ್ತಿ ಕಥೆಯ ಕೊನೆ ಈಗಲೇ ಹೇಳಿಬಿಡು.”

“ಅದು ಬರೆಯೋರಿಗೇ ಗೊತ್ತಿರಲ್ಲ. ನನಗೆ ಹೇಗೆ ಗೊತ್ತಾಗ್ಬೇಕು?”

“ಇವತ್ತಿನದೂ ಗೊತ್ತಿರ್ಲಿಲ್ಲ. ಹೇಳ್ಲಿಲ್ವಾ, ಚಪ್ಪಲಿ ಬಿಡೋದರೊಳಗೆ?”

ನಾದಿನಿ ಅಲ್ಲೇ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕುಳಿತಳು. ಕಣ್ಣೊರೆಸಿಕೊಂಡು ಹೇಳತೊಡಗಿದಳು. ಮೋಸಗಾತಿ ಸಿಕ್ಕಿಬೀಳುತ್ತಾಳೆ. ಮುದುಕನಿಗೆ ನೆನಪು ಮರಳುತ್ತದೆ. ಅಡವಿಟ್ಟ ಬಂಗಲೆ ಕೈಗೆ ಬರುತ್ತದೆ. ನಾಯಕಿಯ ವಿಷಯವನ್ನು ಮಾತ್ರ ಹಾರಿಸಿಬಿಟ್ಟಳು. ಅತ್ತಿಗೆಯೂ ಅದನ್ನು ಕೇಳಲಿಲ್ಲ.

“ಅವಳ ಮಗಳು? ಆ ಪುಟ್ಟಿ ಏನಾಗ್ತಾಳೆ, ಅದು ಹೇಳು.”

ಒಳಗೆ ಮಗಳು ಏಳರ ಮಗ್ಗಿಯಲ್ಲಿ ಎಡವಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

“ಪುಟ್ಟಿನ… ಅವಳ ಸೋದರತ್ತೆ ಕರ್ಕೊಂಡು ಹೋಗ್ತಾಳೆ. ತನ್ನ ಮನೆಗೇ.”

ಆ ಧಾರಾವಾಹಿಯಲ್ಲಿ ಸೋದರತ್ತೆಯ ಪಾತ್ರವೇ ಇರಲಿಲ್ಲ. ಕಥೆಯಲ್ಲಿ ಕೂದಲೆಳೆ ಆಚೀಚೆಯಾದರೂ ಬಿಡದ ಅತ್ತಿಗೆ ಇವತ್ತು ತಪ್ಪು ಹಿಡಿಯಲಿಲ್ಲ. ಕೊರಳಲ್ಲಿ ತೂಗುತ್ತಿದ್ದ ಅಳತೆಯ ಟೇಪನ್ನು ತೆಗೆದು, ಬೆರಳಿಗೆ ಸುತ್ತಿ, ಬಿಚ್ಚಿ, ನಾದಿನಿಯ ಮಡಿಲಿಗಿಟ್ಟಳು.

“ಈ ಸಲ ಅಲ್ಲಿಗೆ ಹೋದಾಗ ಆ ಹಿಂದಿನ ಕೋಣೆ ಕಿಟಕಿನೂ ಅಳೆದುಕೊಂಡು ಬಾ. ಬೆಳಗಿನ ಬಿಸಿಲು ಮುಖಕ್ಕೆ ಬಿದ್ರೆ ಅವಳು ಮಲಗಲ್ಲ.”