ಹತ್ತು ಗಂಟೆಯ ಸದ್ದು

ಇನ್ನೊಬ್ಬರ ಮನೆಯೊಳಗಿನ ಹೊಡೆದಾಟವನ್ನು ಬರೆಯಲು ನಿನಗೇನು ಅಧಿಕಾರ ಎಂದು ನೀವು ಕೇಳಬಹುದು. ಎರಡು ಸಲ ಬರೆದು ಹರಿದು ಹಾಕಿದೆ. ತಪ್ಪಿದ್ದರೆ ಮನ್ನಿಸಿ.

"ಷರ್ಟು ತೆಗಿ, ಅಪ್ಪ."

"ಯಾಕೋ? ಚಳಿಯಾಗುತ್ತೆ."

ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಮಗ ಡ್ರೈವರ್. ತೋಳಿನ ಬಲ ಜಾಸ್ತಿ, ತಾಳ್ಮೆ ಕಡಿಮೆ. ತಾನೇ ಅಪ್ಪನ ಗುಂಡಿ ಬಿಚ್ಚಿದ.

ಎಡಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆನ್ನಿನ ಪಕ್ಕ ಅಂಗೈಯಗಲದ ಕಪ್ಪು. ಸೊಂಟದ ಕೆಳಗೆ ಹಳೆಯದೊಂದು, ಹಳದಿಯಾಗಿತ್ತು. ಮುಖದ ಮೇಲೆ ಒಂದೂ ಇಲ್ಲ. ಬಟ್ಟೆ ಮುಚ್ಚುವ ಜಾಗದಲ್ಲಷ್ಟೇ. ಹೊಡೆಯುವವರಿಗೆ ಎಲ್ಲಿ ಹೊಡೆಯಬೇಕೆಂದು ಚೆನ್ನಾಗಿ ಗೊತ್ತಿದೆ ಎಂದುಕೊಂಡ ಮಗ.

"ಯಾರು ಮಾಡಿದ್ದು ಇದನ್ನ?"

"ಬಿದ್ದೆ ಕಣೋ."

"ಮೂರು ಕಡೆನಾ?"

"ಮೂರು ಸಲ ಬಿದ್ದೆ." ಅಪ್ಪ ಗುಂಡಿ ಹಾಕಿಕೊಂಡರು. "ನಿನ್ನ ಬಸ್ಸು ಹೊರಡೋ ಹೊತ್ತಾಯ್ತು, ನಡಿ."

ಅಪ್ಪನಿಗೆ ಎಪ್ಪತ್ತನಾಲ್ಕು. ಮೂವತ್ತು ವರ್ಷ ಅಗ್ನಿಶಾಮಕ ದಳದಲ್ಲಿ ಹೊಸಬರಿಗೆ ತರಬೇತಿ ಕೊಟ್ಟವರು. ಉರಿಯುವ ಮಹಡಿಗಳಿಂದ ಜನರನ್ನು ಹೊತ್ತು ಇಳಿಸಿದವರು. ಅಂಥವರು ಹೋದ ವರ್ಷ ಮತ್ತೆ ಮದುವೆಯಾದರು. ಹುಡುಗಿಗೆ ಅರವತ್ತೊಂಬತ್ತು. ಬೀದಿ ಮೂಲೆಯಲ್ಲಿ ಇಸ್ತ್ರಿ ಅಂಗಡಿ ನಡೆಸಿದ ವಿಧವೆ. ದಪ್ಪ ಮುಂಗೈ, ಗಟ್ಟಿ ಗಂಟಲು. ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆಯೇ ಮಗ ಎಲ್ಲರಿಗೂ ಕೇಳುವಂತೆ ಅಂದಿದ್ದ: "ನಾಳೆ ಇವರು ಹಾಸಿಗೆ ಹಿಡಿದ್ರೆ ಅಪ್ಪನೇ ಉಚ್ಚೆ ಬಳೀಬೇಕು. ಹಾಗಾದ ದಿನ ಅಪ್ಪನ್ನ ನಾನು ಕರ್ಕೊಂಡು ಹೋಗ್ತೀನಿ." ಹೊಸ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಿದ್ದರು.

ಈಗ ನೋಡಿದರೆ ಆ ಹೆಂಗಸೇ ಅಪ್ಪನನ್ನು ಮುಗಿಸುವಂತಿತ್ತು.

ಭಾನುವಾರ ಮಗ ಆ ಮನೆಗೆ ಹೋದ. ನಡುಮನೆ ಬೋಳಾಗಿತ್ತು. ಜಮಖಾನೆ ಇಲ್ಲ, ಟೀಪಾಯಿ ಇಲ್ಲ, ಅಪ್ಪ ಪೇಪರ್ ಓದುತ್ತಿದ್ದ ಆರಾಮ ಕುರ್ಚಿಯೂ ಇಲ್ಲ. ಬಚ್ಚಲಿನ ಒಳಚಿಲಕವನ್ನು ಯಾರೋ ಕಿತ್ತಿದ್ದರು. ನೆಲದ ಮೇಲೆ ತೆಳ್ಳನೆಯದೊಂದು ಹಾಸಿಗೆ. ಅದರ ಅಂಚಿನಲ್ಲಿ ಒಣಗಿದ ರಕ್ತ.

"ಅಪ್ಪ ನೆಲದ ಮೇಲೆ ಮಲಗ್ತಾರಾ?"

"ಮಲಗೋದಲ್ಲ ಅದು," ಅಂದರು ಚಿಕ್ಕಮ್ಮ. ಅಪ್ಪನ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಕೆಳಗಿನ ಅಂಗಡಿಯ ದರ್ಜಿ ಬಾಯಿ ಮುಚ್ಚುವವನಲ್ಲ. "ದಿನಾ ಬೆಳಿಗ್ಗೆ ಹತ್ತಕ್ಕೆ ಮೇಲೆ ಧಬ್ ಅನ್ನುತ್ತೆ. ಒಂದಲ್ಲ, ಐದಾರು ಸಲ. ನಿಮ್ಮಪ್ಪನ ನರಳಾಟ, ಆಯಮ್ಮನ ಕೂಗಾಟ. ನಾಲ್ಕು ತಿಂಗಳಾಯ್ತು. ನನ್ನ ಹೊಲಿಗೆಯೆಲ್ಲ ಸೊಟ್ಟ. ಒಂದು ಪ್ಯಾಂಟಿಗೆ ಮೂರು ಕಾಲು ಬರದಿದ್ದದ್ದೇ ಪುಣ್ಯ."

ಸೋಮವಾರ ಮಗ ರಜೆ ಹಾಕಿದ. ಹತ್ತಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲು ಹತ್ತಿ ಬಾಗಿಲಿಗೆ ಕಿವಿಯಿಟ್ಟ.

ಧಬ್. ಅಪ್ಪ ನರಳಿದರು.

"ಇನ್ನೊಂದ್ಸಲ," ಚಿಕ್ಕಮ್ಮನ ದನಿ. "ಹಿಂದಿನಿಂದ ತಳ್ತೀನಿ."

ಧಬ್.

"ಏಳಿ. ನಾನು ಎತ್ತಲ್ಲ. ನೀವೇ ಏಳಬೇಕು."

ಮಗ ಬಾಗಿಲಿಗೆ ಒದ್ದ. ಅಪ್ಪ ಹಾಸಿಗೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ತುಟಿ ಒಡೆದಿತ್ತು. ಚಿಕ್ಕಮ್ಮ ಎರಡೂ ಅಂಗೈ ಮುಂದೆ ಚಾಚಿಕೊಂಡು ಅವರ ಹಿಂದೆ ನಿಂತಿದ್ದರು.

"ನಿಲ್ಲಪ್ಪ, ನನ್ನ ಮುಟ್ಟಬೇಡ," ಎಂದು ಗೋಡೆಯ ಕಡೆಗೆ ಸರಿದರು.

ಮಗ ಕೆನ್ನೆಗೆ ಬಾರಿಸಿದ. ಅವರ ತಲೆ ಗೋಡೆಗೆ ತಗುಲಿತು. ಹೆಗಲ ಮೇಲಿನ ಸೀರೆ ಹಿಡಿದೆಳೆದ. ಬಟ್ಟೆ ಹರಿಯಿತು. ಅವರು ಎರಡು ಕೈಯಿಂದಲೂ ಅವನ ಮಣಿಕಟ್ಟು ಹಿಡಿದರು. "ನಮ್ಮಪ್ಪನ್ನ ಸಾಯಿಸ್ತೀಯಾ?" ಎಂದು ಎದೆಗೆ ಕೈಕೊಟ್ಟು ತಳ್ಳಿದ. ಹಾಸಿಗೆಯ ಕಡೆಗಲ್ಲ, ಬರಿಗಲ್ಲಿನ ನೆಲದ ಕಡೆಗೆ.

"ಗದ್ದ," ಅಪ್ಪ ಕೂಗಿದರು. "ಗದ್ದ ಎದೆಗೆ."

ಚಿಕ್ಕಮ್ಮ ಬೀಳುತ್ತ ಗದ್ದವನ್ನು ಎದೆಗೆ ಒತ್ತಿಕೊಂಡರು. ಮಂಡಿ ಮಡಿಚಿದರು. ಕೈಯೂರಲಿಲ್ಲ. ಮೈಯನ್ನು ಪಕ್ಕಕ್ಕೆ ತಿರುಗಿಸಿ, ತೊಡೆ, ಬೆನ್ನು, ಭುಜ ಎಂದು ಉರುಳಿ, ಗೋಡೆಯ ಬುಡಕ್ಕೆ ಬಂದು ಬಿದ್ದರು. ಕೆಳಗಿನ ಹೊಲಿಗೆ ಯಂತ್ರ ಸುಮ್ಮನಾಯಿತು.

ಮಗ ಮುಂದೆ ಬಗ್ಗಿದ. ಅಪ್ಪ ಎದ್ದು ಬಂದು ಅವನ ಕಾಲರ್ ಹಿಡಿದು ಹಿಂದಕ್ಕೆಳೆದರು. "ಮುಟ್ಟಬೇಡ ಅವಳನ್ನ."

ಚಿಕ್ಕಮ್ಮ ಉಸಿರೆಳೆದುಕೊಂಡರು. ಮಗ್ಗುಲಾದರು. ಮೊಣಕೈ, ಮಂಡಿ, ಒಂದು ಪಾದ. ಎದ್ದರು. ಬಾಯಿಯಿಂದ ರಕ್ತ ಬರುತ್ತಿತ್ತು. ತಮ್ಮ ಸೊಂಟವನ್ನು ಎರಡೂ ಕಡೆ ಮುಟ್ಟಿ ನೋಡಿಕೊಂಡರು. "ರೀ," ಅಂದರು, "ಮುರಿದಿಲ್ಲ."

ಅಪ್ಪನ ಕೈ ಇನ್ನೂ ಮಗನ ಕಾಲರಿನ ಮೇಲಿತ್ತು. "ಇವಳ ಮೂಳೆ ಸವೆದಿದೆ. ಒಂದು ಸಲ ಬಿದ್ರೆ ಸೊಂಟ ಹೋಗುತ್ತೆ, ಆಮೇಲೆ ಏಳಲ್ಲ ಅಂದ್ರು ಡಾಕ್ಟರು. ನಿನಗೆ ಹೇಳಬೇಡಿ ಅಂದಳು, ನಿನ್ನ ಮಾತು ನೆನೆದು. ಬೀಳೋದು ಹೇಗೆ ಅಂತ ಕಲಿಸ್ತಿದ್ದೀನಿ. ನಮ್ಮ ದಳದಲ್ಲಿ ಕಲಿಸೋನೇ ಮೊದಲು ಬೀಳಬೇಕು, ನೋಡೋರ ಹೆದರಿಕೆ ಹೋಗೋವರೆಗೆ. ರಕ್ತ ತೆಳುವಾಗಿಸೋ ಹೃದಯದ ಮಾತ್ರೆ ತಗೋತೀನಲ್ಲ, ಎಲ್ಲಿ ತಗುಲಿದ್ರೂ ಕಪ್ಪಾಗುತ್ತೆ. ನಾಲ್ಕು ತಿಂಗಳು ನಾನೊಬ್ಬನೇ ಬಿದ್ದೆ ಕಣೋ. ಇವಳನ್ನ ಒಂದು ಸಲವೂ ಬೀಳಿಸಿರಲಿಲ್ಲ. ನನಗೇ ಧೈರ್ಯ ಬಂದಿರಲಿಲ್ಲ."

ಮಗ ತಳ್ಳಿದ್ದು ಚಿಕ್ಕಮ್ಮನನ್ನು ಅಪ್ಪನಿಂದ ದೂರ ಮಾಡಲೋ, ಅವರು ಬಿದ್ದು ಮತ್ತೆ ಏಳದಿರಲೆಂದೋ, ನನಗೆ ಗೊತ್ತಿಲ್ಲ.