ಟೀಚರ ಮೇಜಿನ ದೀಪ

ಪಾಠ ಅರ್ಥವಾದ ಕೂಡಲೇ ಡೆಸ್ಕಿನ ದೀಪ ತಾನಾಗಿ ಹತ್ತುತ್ತಿದ್ದ ಕಾಲ. ಗಂಟೆ ಹೊಡೆಯುವುದರೊಳಗೆ ಮಕ್ಕಳ ದೀಪ ಹತ್ತದಿದ್ದರೆ ಮೆಹರುನ್ನಿಸಾ ಟೀಚರಿಗೆ ಈ ತರಗತಿ ಕೈತಪ್ಪುತ್ತಿತ್ತು. ಪಾಠ ನೋಡಲು ಬಂದ ಸಂಶೋಧಕಿ ಚನ್ನಬಸಮ್ಮ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು.

ಟೀಚರ್ ಮೇಜಿನ ಮೇಲಿಟ್ಟ ಐಸ್ ನೀರಿನ ಗ್ಲಾಸು ಹೊರಗೆಲ್ಲ ಬೆವರಿತ್ತು. "ಈ ಹನಿ ಎಲ್ಲಿಂದ ಬಂದ್ವು?" ಎಂದರು ಟೀಚರ್.

"ಗ್ಲಾಸ್ ಸೋರ್ತೈತ್ರಿ!" ಎಂದು ಮಕ್ಕಳು ಕೂಗಿದರು. ಒಂದು ದೀಪವೂ ಹತ್ತಲಿಲ್ಲ.

"ಉತ್ತರ ಹೇಳಿಬಿಡ್ರಿ, ಮೇಡಂ," ಚನ್ನಬಸಮ್ಮ ಪಿಸುಗುಟ್ಟಿದಳು.

"ನಾ ಹೇಳಿದ್ರ ಈಗ ಹತ್ತತೈತಿ, ಮನಿ ಮುಟ್ಟೂದ್ರಾಗ ಆರತೈತಿ, ತಂಗಿ."

ಅಷ್ಟರಲ್ಲಿ ದ್ಯಾಮವ್ವ ಎಂಬ ಹುಡುಗಿ ಗ್ಲಾಸಿಗೆ ಶಾಯಿ ಸುರಿದಳು. "ಸೋರಿದ್ರ ಹೊರಗೂ ನೀಲಿ ಆಗ್ಬೇಕಲ್ರೀ?" ಒರೆಸಿ ಕಾದರು. ಹೊಸ ಹನಿಗಳೂ ತಿಳಿಯಾಗಿಯೇ ಇದ್ದವು.

"ಹಂಗಾದ್ರ ಗಾಳಿಯಿಂದ ಬಂದಾವ್ರೀ!" ಎಂದರು ಮಕ್ಕಳು. ದೀಪಗಳು ಸಾಲುಸಾಲಾಗಿ ಹತ್ತಿದವು.

"ಈ ಉಪಾಯ ನನಗ ಹೊಳೆದಿದ್ದಿಲ್ಲ ನೋಡವ್ವಾ!" ಎನ್ನುತ್ತಿದ್ದಂತೆ ಟೀಚರ ಮೇಜಿನ ದೀಪವೂ ಹತ್ತಿತು. ಊರೂರಿನ ಶಾಲೆ ಸುತ್ತಿದ್ದ ಚನ್ನಬಸಮ್ಮ ಟೀಚರೊಬ್ಬರ ದೀಪ ಹತ್ತಿದ್ದನ್ನು ಎಲ್ಲೂ ಕಂಡಿರಲಿಲ್ಲ.