ನೆತ್ತಿಯ ಮೇಲಿಟ್ಟ ಕೈ

ಟಿಬೆಟಿಯನ್ ಧೂಪದ ವಾಸನೆ ಬಂದರೆ ಈಗಲೂ ನನಗೆ ಮಣಿಪಾಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಬಾಡಿಗೆ ಕೋಣೆಯಲ್ಲಿ, ಸ್ವೆಟರ್ ಮಾರುತ್ತಿದ್ದ ಟಿಬೆಟಿಯನ್ ಮುದುಕಿ ತೀರಿಕೊಂಡಿದ್ದಳು. ಮಗಳು ಡೋಲ್ಮಾ ಮುಂಡಗೋಡಿನ ಜ್ಯೋತಿಷಿ ಲಾಮಾರಿಗೆ ಫೋನ್ ಮಾಡಿ, ಹೊಸ್ತಿಲಲ್ಲೇ ಕುಳಿತಳು.

"ನಮ್ಮ ಲೆಕ್ಕದಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿಯ ಹೆಸರು. ನಾನು ಹಾವಿನ ವರ್ಷದವಳು. ಅಮ್ಮನನ್ನು ನಾನು ಮುಟ್ಟಬಾರದಂತೆ. ಕುದುರೆ ವರ್ಷದವರು ಮೊದಲು ನೆತ್ತಿ ಮುಟ್ಟಬೇಕು. ಆಗ ಜೀವಕ್ಕೆ ಒಳ್ಳೆಯ ದಾರಿ ಸಿಗುತ್ತದೆ."

"ಹೆತ್ತ ಮಗಳಿಗೇ ಮುಟ್ಟಲಿಕ್ಕಿಲ್ಲವಾ? ಇದೆಂತ ಶಾಸ್ತ್ರ ಮಾರಾಯ್ತಿ?" ಎಂದಳು ನನ್ನಮ್ಮ.

ಡೋಲ್ಮಾ ನನ್ನಮ್ಮ ಹುಟ್ಟಿದ ವರ್ಷ ಕೇಳಿ, ಬೆರಳು ಮಡಚಿ ಎಣಿಸಿದಳು. "ಅಕ್ಕಾ, ನೀವು ಕುದುರೆ."

ನನ್ನಮ್ಮ ಒಳಗೆ ಹೋಗಿ ತಣ್ಣಗಾಗಿದ್ದ ನೆತ್ತಿಯ ಮೇಲೆ ಅಂಗೈ ಇಟ್ಟಳು. ಅವಳು ಹೊರಗೆ ಬಂದ ಕೂಡಲೇ ಡೋಲ್ಮಾ ಆ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಹೆಣ ಮುಟ್ಟಿದರೆ ಮೊದಲು ಸ್ನಾನ ಎನ್ನುತ್ತಿದ್ದ ನನ್ನಮ್ಮ, ಸಂಜೆಯವರೆಗೂ ಕೈ ಬಿಡಿಸಿಕೊಳ್ಳದೆ ಅಲ್ಲೇ ಕುಳಿತಳು.